ಸೋಲಿಗರ ಕಾಡು, ಸರ್ಕಾರದ ಕಾನೂನು

ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ತಲೆಮಾರುಗಳಿಂದ ಕಾಡಿನಲ್ಲಿ ಜಾಗ ಬದಲಿಸುತ್ತಾ ರಾಗಿ ಬೆಳೆದು, ಜೇನು, ನೆಲ್ಲಿಕಾಯಿ, ಪಾಚಿ ಸಂಗ್ರಹಿಸಿ ಬದುಕಿದವರು. 1974ರಲ್ಲಿ ಬೆಟ್ಟ ವನ್ಯಜೀವಿಧಾಮವಾಯಿತು. ಅಲೆಮಾರಿ ಬೇಸಾಯ ನಿಂತಿತು, ಕಾಡೊಳಗಿನ ಕುಟುಂಬಗಳನ್ನು ತಂದು ಪೋಡುಗಳೆಂಬ ಸೋಲಿಗರ ವಸತಿಗಳಲ್ಲಿ ನೆಲೆಗೊಳಿಸಲಾಯಿತು. ಬೇಟೆಯ ಜೊತೆಗೆ ತರಗು ಬೆಂಕಿಯೂ ನಿಷಿದ್ಧವಾಯಿತು. ಬೇಸಿಗೆ ಬಲಿಯುವ ಮುನ್ನ ಒಣ ಎಲೆಗೆ ಹಚ್ಚುತ್ತಿದ್ದ ಈ ಸಣ್ಣ ಬೆಂಕಿ ದೊಡ್ಡ ಕಾಳ್ಗಿಚ್ಚನ್ನು ತಡೆಯುತ್ತಿತ್ತು, ನೆಲ್ಲಿಮರಗಳಿಗೆ ಹತ್ತುವ ಬಂದಳಿಕೆಯನ್ನೂ ಹದ್ದುಬಸ್ತಿನಲ್ಲಿಡುತ್ತಿತ್ತು ಎಂಬುದು ಸೋಲಿಗರ ವಾದ. ಅದು ನಿಂತ ಮೇಲೆ ಲಂಟಾನ ಕಳೆ ಕಾಡನ್ನೆಲ್ಲ ಕವಿಯಿತೆಂದೂ ಅವರು ಹೇಳುತ್ತಾರೆ. ಅರಣ್ಯ ಇಲಾಖೆ ಈ ಮಾತಿಗೆ ಬಹುಕಾಲ ಕಿವಿಗೊಡಲಿಲ್ಲ.

ಕಿರು ಅರಣ್ಯ ಉತ್ಪನ್ನ ಮಾರುವುದಕ್ಕೂ ಮುಂದೆ ತಡೆ ಬಿತ್ತು. ಆದಾಯದ ಮುಖ್ಯ ದಾರಿಯೇ ಮುಚ್ಚಿತು. ಸೋಲಿಗರ ಸಂಘಟನೆ ಬಲಗೊಂಡದ್ದು ಈ ಇಕ್ಕಟ್ಟಿನಲ್ಲೇ.

2006ರ ಅರಣ್ಯ ಹಕ್ಕು ಕಾಯ್ದೆ ಹಿಂದಿನ ಅನ್ಯಾಯವನ್ನು ತನ್ನ ಪೀಠಿಕೆಯಲ್ಲೇ ಒಪ್ಪಿಕೊಂಡು, ಹಕ್ಕು ಗುರುತಿಸುವ ಕೆಲಸವನ್ನು ಗ್ರಾಮಸಭೆಯಿಂದ ಆರಂಭಿಸಿತು. 2011ರ ಆರಂಭದಲ್ಲಿ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾದಾಗ ಎತ್ತಂಗಡಿಯ ಭೀತಿ ಮರುಕಳಿಸಿತು. ಆದರೆ ಅದೇ ವರ್ಷ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರ ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶವೊಂದರೊಳಗೆ ಇಂಥ ಹಕ್ಕು ಮಾನ್ಯವಾದ ದೇಶದ ಮೊದಲ ನಿದರ್ಶನಗಳಲ್ಲಿ ಇದೊಂದು. ಹಕ್ಕುಪತ್ರದಲ್ಲಿ ಸಂಗ್ರಹ, ಮೇವು, ದೇವರ ತಾಣಗಳ ಪೂಜೆ ಸೇರಿದವು. ತರಗು ಬೆಂಕಿಯ ಮೇಲಿನ ನಿಷೇಧ ಮಾತ್ರ ಉಳಿಯಿತು.