ಕಫದ ಬಟ್ಟಲಿನಿಂದ ಲಸಿಕೆಯವರೆಗೆ: ರಾಕ್‌ಫೆಲ್ಲರ್ ಆಸ್ಪತ್ರೆಯ ಇತಿಹಾಸ

ಕೈಗೂಸು ಇರುವ ಮನೆಗಳಲ್ಲಿ ತಾಯಿ ಕಾರ್ಡು ಇದ್ದೇ ಇರುತ್ತದೆ. ಅದರ ಲಸಿಕೆಗಳ ಪಟ್ಟಿಯಲ್ಲಿ ಪಿ.ಸಿ.ವಿ. ಎಂಬ ಮೂರಕ್ಷರ ಇರುವುದನ್ನು ನಮ್ಮಲ್ಲಿ ಅನೇಕರು ನೋಡಿರಬಹುದು. ಆರು ವಾರಕ್ಕೊಮ್ಮೆ, ಹದಿನಾಲ್ಕು ವಾರಕ್ಕೊಮ್ಮೆ, ಒಂಬತ್ತು ತಿಂಗಳಿಗೊಮ್ಮೆ ಮಗುವಿನ ತೊಡೆಗೆ ಚುಚ್ಚುವ ಈ ಲಸಿಕೆ ನ್ಯುಮೋಕಾಕಸ್ ಎಂಬ ಜೀವಾಣುವಿನಿಂದ ಬರುವ ನ್ಯುಮೋನಿಯಾವನ್ನು ತಡೆಯುತ್ತದೆ. ಇದರ ಮೂಲವನ್ನು ಹುಡುಕುತ್ತಾ ಹೋದರೆ ನಾವು ನೂರು ವರ್ಷಕ್ಕೂ ಹಿಂದಿನ ನ್ಯೂಯಾರ್ಕ್ ನಗರದ ಒಂದು ಸಣ್ಣ ಆಸ್ಪತ್ರೆಯನ್ನು ತಲುಪುತ್ತೇವೆ. ಇಂದು ಅದು ರಾಕ್‌ಫೆಲ್ಲರ್ ವಿಶ್ವವಿದ್ಯಾಲಯದ ಆಸ್ಪತ್ರೆ. ವೈದ್ಯಕೀಯ ಓದುವ ಆಸೆಯುಳ್ಳ ನಮ್ಮ ವಿದ್ಯಾರ್ಥಿಗಳು ಅದರ ಕಥೆಯನ್ನು ತಿಳಿದಿರಬೇಕೆಂದು ನನಗೆ ಅನ್ನಿಸಿದೆ.

1897ರ ಬೇಸಿಗೆಯಲ್ಲಿ ಫ್ರೆಡರಿಕ್ ಗೇಟ್ಸ್ ಎಂಬ ಮಾಜಿ ಪಾದ್ರಿ ವೈದ್ಯಶಾಸ್ತ್ರದ ಒಂದು ದಪ್ಪ ಪುಸ್ತಕವನ್ನು ಓದಿದರು. ಅದು ವಿಲಿಯಂ ಆಸ್ಲರ್ ಬರೆದ ಪಠ್ಯಪುಸ್ತಕ. ರೋಗಗಳ ವರ್ಣನೆ ಅದರಲ್ಲಿ ಬೇಕಾದಷ್ಟಿತ್ತು. ಖಚಿತವಾಗಿ ಗುಣಪಡಿಸುವ ಔಷಧಿ ಎಂದು ಹೇಳಬಹುದಾದವು ಮಾತ್ರ ಬೆರಳೆಣಿಕೆಯಷ್ಟು. ವೈದ್ಯನಲ್ಲದ ಗೇಟ್ಸ್ ಇದನ್ನು ಓದಿ ದಂಗಾದರು. ಅವರು ಎಣ್ಣೆ ವ್ಯಾಪಾರದ ಕೋಟ್ಯಧೀಶ ಜಾನ್ ಡಿ. ರಾಕ್‌ಫೆಲ್ಲರ್ ಅವರ ಸಲಹೆಗಾರರು. ಸಂಶೋಧನೆಗಾಗಿಯೇ ಒಂದು ಸಂಸ್ಥೆ ಕಟ್ಟಬೇಕೆಂದು ಯಜಮಾನನಿಗೆ ಹೇಳುತ್ತಲೇ ಬಂದರು. 1901ರ ಜನವರಿಯಲ್ಲಿ ರಾಕ್‌ಫೆಲ್ಲರ್ ಅವರ ಪುಟ್ಟ ಮೊಮ್ಮಗ ಸ್ಕಾರ್ಲೆಟ್ ಜ್ವರದಿಂದ ತೀರಿಕೊಂಡ. ಆ ಜ್ವರಕ್ಕೆ ಯಾವ ಡಾಕ್ಟರ ಬಳಿಯೂ ಮದ್ದಿರಲಿಲ್ಲ. ಎಷ್ಟು ಹಣವಿದ್ದರೂ ಕೊಳ್ಳಲು ಔಷಧಿಯೇ ಇರಲಿಲ್ಲ. ಅದೇ ವರ್ಷ ಸಂಸ್ಥೆ ಸ್ಥಾಪನೆಯಾಯಿತು. 1910ರ ಅಕ್ಟೋಬರ್‌ನಲ್ಲಿ ಅದರ ಆವರಣದಲ್ಲಿಯೇ ಆಸ್ಪತ್ರೆ ಬಾಗಿಲು ತೆರೆಯಿತು.

ಈ ಆಸ್ಪತ್ರೆ ಬೇರೆ ಆಸ್ಪತ್ರೆಗಳಂತಿರಲಿಲ್ಲ. ಬಂದವರನ್ನೆಲ್ಲಾ ಸೇರಿಸಿಕೊಳ್ಳುತ್ತಿರಲಿಲ್ಲ. ಮೊದಲಿಗೆ ಪೋಲಿಯೋ, ನ್ಯುಮೋನಿಯಾ, ಸಿಫಿಲಿಸ್, ಹೃದ್ರೋಗ ಮತ್ತು ಮಕ್ಕಳ ಒಂದು ಕರುಳಿನ ಬೇನೆ, ಹೀಗೆ ಐದೇ ರೋಗಗಳನ್ನು ಆರಿಸಿಕೊಂಡಿತು. ಸೇರಿದವರಿಂದ ಒಂದು ಕಾಸನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಮೊದಲ ನಿರ್ದೇಶಕರಾದ ರೂಫಸ್ ಕೋಲ್ ಒಂದು ಮಾತಿಗೆ ಅಂಟಿಕೊಂಡರು: ಹಾಸಿಗೆಯ ಬಳಿ ರೋಗಿಯನ್ನು ನೋಡುವ ವೈದ್ಯನಿಗೆ ಸ್ವಂತ ಪ್ರಯೋಗಾಲಯವೂ ಇರಬೇಕು. ವೈದ್ಯರು ಮಾದರಿ ಕಳಿಸುವುದು, ವಿಜ್ಞಾನಿಗಳು ಉತ್ತರ ಬರೆದು ಕಳಿಸುವುದು ಎಂಬ ಏರ್ಪಾಡು ಅವರಿಗೆ ಒಪ್ಪಿಗೆಯಾಗಲಿಲ್ಲ. ರೋಗಿಯ ಮುಖ ನೋಡಿದವನಿಗೇ ಸರಿಯಾದ ಪ್ರಶ್ನೆ ಹುಟ್ಟುತ್ತದೆ ಎಂಬುದು ಅವರ ನಂಬಿಕೆ. ಇಂದು ಮಾಮೂಲಿಯಾಗಿ ಕಾಣುವ ಈ ವಿಚಾರ ಅಂದು ಹೊಸದು.

ಕೋಲ್ ತಮಗಾಗಿ ಆರಿಸಿಕೊಂಡದ್ದು ನ್ಯುಮೋನಿಯಾ. ಅಂದಿನ ಅಮೆರಿಕದಲ್ಲಿ ಅತಿ ಹೆಚ್ಚು ಜನರನ್ನು ಕೊಲ್ಲುತ್ತಿದ್ದ ರೋಗಗಳಲ್ಲಿ ಅದೂ ಒಂದು. ರೋಗಿಯ ಕಫವನ್ನು ಬಟ್ಟಲಿನಲ್ಲಿ ಹಿಡಿದು ಇಲಿಗೆ ಚುಚ್ಚಿ, ಇಲಿಯೊಳಗೆ ಬೆಳೆದ ಜೀವಾಣುವನ್ನು ಬೇರೆ ಬೇರೆ ಸೀರಂಗಳೊಡನೆ ಬೆರೆಸಿ ನೋಡಿದಾಗ ಒಂದು ಸಂಗತಿ ಹೊರಬಿತ್ತು. ನೋಡಲು ಒಂದೇ ತರಹ ಇರುವ ನ್ಯುಮೋಕಾಕಸ್‌ನಲ್ಲಿ ಹಲವು ಬಗೆಗಳಿವೆ. ಒಂದಕ್ಕೆ ನಾಟುವ ಸೀರಂ ಇನ್ನೊಂದಕ್ಕೆ ನಾಟುವುದಿಲ್ಲ. ಮೊದಲನೆಯ ಬಗೆಗೆ ಕುದುರೆಯ ರಕ್ತದಿಂದ ಸೀರಂ ತಯಾರಿಸಿ ಕೊಟ್ಟರು. ಆ ಬಗೆಯ ರೋಗಿಗಳಲ್ಲಿ ನೂರಕ್ಕೆ ಸುಮಾರು 25ರಿಂದ 30 ಇದ್ದ ಸಾವು 10ರ ಆಸುಪಾಸಿಗೆ ಇಳಿಯಿತು. ಕುದುರೆಯ ಸೀರಂ ಹಲವರಲ್ಲಿ ಮೈಮೇಲೆ ಗಂಧೆ, ಜ್ವರ, ಕೀಲುನೋವು ತರುತ್ತಿತ್ತು ಎಂಬುದನ್ನೂ ಹೇಳಬೇಕು. ಅತಿ ಮಾರಕವಾದ ಮೂರನೆಯ ಬಗೆಗೆ ಏನೂ ಸಿಕ್ಕಲಿಲ್ಲ.

1913ರಲ್ಲಿ ಆಸ್ವಾಲ್ಡ್ ಏವರಿ ಇಲ್ಲಿಗೆ ಬಂದರು. ಕೆನಡಾದಲ್ಲಿ ಹುಟ್ಟಿದ, ಮದುವೆಯಾಗದ, ಸಣ್ಣ ಮೈಕಟ್ಟಿನ ಮಿತಭಾಷಿ. ಬಗೆಗಳ ವ್ಯತ್ಯಾಸ ಇರುವುದು ಎಲ್ಲಿ ಎಂಬ ಒಂದೇ ಪ್ರಶ್ನೆಯನ್ನು ಅವರು ಮೂವತ್ತು ವರ್ಷ ಹಿಡಿದರು. 1917ರಲ್ಲಿ ಡೋಷೇ ಜೊತೆ ಸೇರಿ, ಜೀವಾಣುವಿನಿಂದ ಕರಗಿ ಬಂದ ಒಂದು ಪದಾರ್ಥವನ್ನು ರೋಗಿಗಳ ರಕ್ತ ಮತ್ತು ಮೂತ್ರದಲ್ಲಿ ಕಂಡರು. 1923ರಲ್ಲಿ ರಸಾಯನಶಾಸ್ತ್ರಜ್ಞ ಮೈಕೆಲ್ ಹೈಡೆಲ್‌ಬರ್ಗರ್ ಅವರೊಡನೆ ಅದು ಜೀವಾಣುವಿನ ಹೊರಕವಚದ ಸಕ್ಕರೆ ಎಂದು ತೋರಿಸಿದರು. ಸಕ್ಕರೆ ನಮ್ಮ ರೋಗನಿರೋಧಕ ಶಕ್ತಿಯನ್ನು ಇಷ್ಟು ನಿಖರವಾಗಿ ಎಚ್ಚರಿಸುತ್ತದೆ ಎಂಬುದನ್ನು ಆಗ ಬಹಳ ಜನ ನಂಬಲಿಲ್ಲ. 1931ರ ವೇಳೆಗೆ ಏವರಿ ಮತ್ತು ವಾಲ್ಟರ್ ಗೋಬೆಲ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ಮೂರನೆಯ ಬಗೆಯ ಸಕ್ಕರೆಯನ್ನು ಒಂದು ಪ್ರೋಟೀನಿಗೆ ಕಟ್ಟಿ ಮೊಲಕ್ಕೆ ಚುಚ್ಚಿದರೆ, ಬರೀ ಸಕ್ಕರೆಗೆ ಬಾರದ ಪ್ರತಿರೋಧ ಬರುತ್ತಿತ್ತು. ಪಿ.ಸಿ.ವಿ.ಯ ಗುಟ್ಟು ಇಷ್ಟೇ.

ಇಲ್ಲಿ ಒಂದು ಕಹಿ ಸಂಗತಿಯನ್ನೂ ಹೇಳದೆ ಮುಂದೆ ಹೋಗುವುದು ನ್ಯಾಯವಲ್ಲ. ಇದೇ ಸಂಸ್ಥೆಯ ಜಪಾನಿ ವಿಜ್ಞಾನಿ ಹಿಡೆಯೊ ನೊಗುಚಿ 1911-12ರಲ್ಲಿ ಸಿಫಿಲಿಸ್ ಪತ್ತೆಗೆ ಚರ್ಮದ ಪರೀಕ್ಷೆಯೊಂದನ್ನು ರೂಪಿಸುತ್ತಿದ್ದರು. ನ್ಯೂಯಾರ್ಕ್‌ನ ಆಸ್ಪತ್ರೆಗಳ ರೋಗಿಗಳಿಗೂ ಅನಾಥ ಮಕ್ಕಳಿಗೂ ಅನುಮತಿ ಪಡೆಯದೆಯೇ ಅದನ್ನು ಚುಚ್ಚಲಾಯಿತು. ಅದರಲ್ಲಿದ್ದುದು ಕೊಂದ ಜೀವಾಣುಗಳ ಸಾರ, ರೋಗ ಹರಡುವಂತಹುದಲ್ಲ. ಆದರೂ ಪತ್ರಿಕೆಗಳಲ್ಲಿ ಗದ್ದಲವೆದ್ದಿತು, ಅದು ಏಳಲೇಬೇಕಿತ್ತು. ಕೇಳುವವರಿಲ್ಲದ ಮಗುವಿನ ತೋಳನ್ನೇ ಏಕೆ ಆರಿಸಿಕೊಂಡರು ಎಂಬ ಪ್ರಶ್ನೆಗೆ ಉದ್ದೇಶ ಒಳ್ಳೆಯದಿತ್ತು ಎಂಬುದು ಉತ್ತರವಾಗದು. ಇಂದು ಸಂಶೋಧನೆಗೆ ಒಳಗಾಗುವ ಪ್ರತಿಯೊಬ್ಬರಿಗೂ ಅವರ ಭಾಷೆಯಲ್ಲಿ ವಿವರಿಸಿ ಸಹಿ ಪಡೆಯಬೇಕೆಂಬ ನಿಯಮವಿದೆ. ಇಂತಹ ಅನೇಕ ತಪ್ಪುಗಳಾದ ಮೇಲೆ ಬಂದ ನಿಯಮ ಅದು.

1930ರ ದಶಕದ ಕೊನೆಗೆ ಸಲ್ಫಾ ಔಷಧಿ, ಆಮೇಲೆ ಪೆನಿಸಿಲಿನ್ ಬಂದವು. ಕುದುರೆ ಸೀರಂ ಮೂಲೆ ಸೇರಿತು. ಹಾಗಾದರೆ ಏವರಿಯ ಕೆಲಸ ಮುಗಿಯಿತೇ? ಲಂಡನ್ನಿನ ಗ್ರಿಫಿತ್ 1928ರಲ್ಲಿ ವಿಚಿತ್ರವೊಂದನ್ನು ವರದಿ ಮಾಡಿದ್ದರು: ಕವಚವಿಲ್ಲದ ಸಾಧು ಜೀವಾಣುವನ್ನು, ಕೊಂದ ಮಾರಕ ಜೀವಾಣುವಿನೊಡನೆ ಬೆರೆಸಿ ಇಲಿಗೆ ಚುಚ್ಚಿದರೆ, ಸಾಧುವೂ ಕವಚ ತೊಟ್ಟು ಮಾರಕವಾಗುತ್ತದೆ. ಏವರಿ ಮೊದಲಿಗೆ ಇದನ್ನು ನಂಬಲಿಲ್ಲ. ನಂಬಿಕೆಯಾದ ಮೇಲೆ ಬಿಡಲಿಲ್ಲ. ಮ್ಯಾಕ್ಲಿಯಾಡ್ ಮತ್ತು ಮ್ಯಾಕಾರ್ಟಿ ಅವರೊಡನೆ ವರ್ಷಗಟ್ಟಲೆ ಶೋಧಿಸಿ, ಗುಣವನ್ನು ಸಾಗಿಸುವ ಆ ಪದಾರ್ಥ ಡಿ.ಎನ್.ಎ. ಎಂದು 1944ರಲ್ಲಿ ಪ್ರಕಟಿಸಿದರು. ಆಗ ಅವರ ವಯಸ್ಸು 66. ನಮ್ಮ ಮಕ್ಕಳು ಪಿ.ಯು. ಜೀವಶಾಸ್ತ್ರದಲ್ಲಿ ಓದುವ ಈ ಪ್ರಯೋಗ ನಡೆದದ್ದು ಒಂದು ಆಸ್ಪತ್ರೆಯಲ್ಲಿ, ನ್ಯುಮೋನಿಯಾ ರೋಗಿಗಳ ಚಿಂತೆಯಿಂದ ಎಂಬುದನ್ನು ಪಠ್ಯಪುಸ್ತಕ ಹೇಳುವುದೇ ಇಲ್ಲ. ಏವರಿಗೆ ನೊಬೆಲ್ ಸಿಗಲಿಲ್ಲ. 1955ರಲ್ಲಿ ತೀರಿಕೊಂಡರು.

ಲಸಿಕೆಯ ಕಥೆ ಇನ್ನೂ ನಿಧಾನ. ಎರಡನೇ ಮಹಾಯುದ್ಧದ ಕಾಲದಲ್ಲಿ ಮ್ಯಾಕ್ಲಿಯಾಡ್ ಮತ್ತು ಹೈಡೆಲ್‌ಬರ್ಗರ್ ಕವಚದ ಸಕ್ಕರೆಯನ್ನೇ ಅಮೆರಿಕದ ಸೈನಿಕರಿಗೆ ಚುಚ್ಚಿ, ನ್ಯುಮೋನಿಯಾ ತಡೆಯಬಹುದೆಂದು ತೋರಿಸಿದರು. ಲಸಿಕೆ ಮಾರುಕಟ್ಟೆಗೂ ಬಂತು. ಪೆನಿಸಿಲಿನ್ ಇರುವಾಗ ಲಸಿಕೆ ಯಾರಿಗೆ ಬೇಕು? ಕೊಳ್ಳುವವರಿಲ್ಲದೆ 1950ರ ದಶಕದಲ್ಲಿ ಹಿಂದೆ ಸರಿಯಿತು. ಪೆನಿಸಿಲಿನ್ ಕೊಟ್ಟರೂ ಮೊದಲ ಕೆಲವು ದಿನಗಳಲ್ಲಿ ಸಾಯುವವರು ಸಾಯುತ್ತಲೇ ಇದ್ದಾರೆಂದು ರಾಬರ್ಟ್ ಆಸ್ಟ್ರಿಯನ್ ಲೆಕ್ಕ ತೋರಿಸಿದ ಮೇಲೆ, 1977ರಲ್ಲಿ ಮತ್ತೆ ಪರವಾನಗಿ ಸಿಕ್ಕಿತು. ಅದು ಕೂಡ ಎರಡು ವರ್ಷದೊಳಗಿನ ಮಕ್ಕಳಿಗೆ ಪ್ರಯೋಜನಕ್ಕೆ ಬಾರದು. ಸಕ್ಕರೆಯನ್ನು ಪ್ರೋಟೀನಿಗೆ ಕಟ್ಟಿದ ಮಕ್ಕಳ ಲಸಿಕೆ ಅಮೆರಿಕದಲ್ಲಿ ಬಂದದ್ದು 2000ದಲ್ಲಿ. ಗೋಬೆಲ್ ಮೊಲಕ್ಕೆ ಚುಚ್ಚಿ ಸುಮಾರು ಎಪ್ಪತ್ತು ವರ್ಷ!

ಈ ವಿಳಂಬವೇ ಇಂದಿನ 'ಟ್ರಾನ್ಸ್‌ಲೇಷನಲ್ ರಿಸರ್ಚ್' ಎಂಬ ಮಾತಿಗೆ ಕಾರಣ. ಉರ್ದುವಿನಿಂದ ಕನ್ನಡಕ್ಕೆ ಮಕ್ಕಳಿಂದ ತರ್ಜುಮಾ ಮಾಡಿಸುವ ನನಗೆ ಈ ಪದ ಬಹಳ ಹಿಡಿಸಿತು. ಪ್ರಯೋಗಾಲಯದ ಭಾಷೆಯಲ್ಲಿರುವುದನ್ನು ರೋಗಿಯ ಹಾಸಿಗೆಯ ಭಾಷೆಗೆ ತರುವುದು. ಹಾಸಿಗೆಯ ಬಳಿ ಕಂಡದ್ದನ್ನು ಮತ್ತೆ ಪ್ರಯೋಗಾಲಯಕ್ಕೆ ಒಯ್ಯುವುದು. ತರ್ಜುಮಾ ಮಾಡುವವನಿಗೆ ಎರಡೂ ಭಾಷೆ ಬರಬೇಕು, ಕೋಲ್ ಹೇಳಿದ್ದೂ ಅದೇ ತಾನೆ? ಅಲ್ಜೀರಿಯಾದ ನೆದ್ರೋಮಾ ಎಂಬ ಊರಿನಲ್ಲಿ ಹುಟ್ಟಿ, ತಮ್ಮ ದೇಶದಲ್ಲಿಯೇ ವೈದ್ಯಕೀಯ ಓದಿ ಅಮೆರಿಕಕ್ಕೆ ಹೋದ ಡಾ. ಇಲಿಯಾಸ್ ಝೆರ್ಹೂನಿ 2002ರಿಂದ 2008ರವರೆಗೆ ಆ ದೇಶದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ನಿರ್ದೇಶಕರಾಗಿದ್ದರು. ಇಂತಹ ಕೆಲಸಕ್ಕಾಗಿಯೇ ವಿಶ್ವವಿದ್ಯಾಲಯಗಳಲ್ಲಿ ಪ್ರತ್ಯೇಕ ಕೇಂದ್ರಗಳಿಗೆ ಹಣ ಕೊಡುವ ಯೋಜನೆ ಅವರ ಕಾಲದಲ್ಲಿ, 2006ರಲ್ಲಿ ಆರಂಭವಾಯಿತು. ಮೊದಲು ಆಯ್ಕೆಯಾದ ಹನ್ನೆರಡು ಸಂಸ್ಥೆಗಳಲ್ಲಿ ಕೋಲ್ ಅವರ ಹಳೆಯ ಆಸ್ಪತ್ರೆಯನ್ನು ನಡೆಸುವ ರಾಕ್‌ಫೆಲ್ಲರ್ ವಿಶ್ವವಿದ್ಯಾಲಯವೂ ಒಂದು.

ಭಾರತದಲ್ಲಿ ಪಿ.ಸಿ.ವಿ. 2017ರಲ್ಲಿ ಕೆಲವೇ ರಾಜ್ಯಗಳಲ್ಲಿ ಸರ್ಕಾರದ ಉಚಿತ ಲಸಿಕಾ ಕಾರ್ಯಕ್ರಮಕ್ಕೆ ಸೇರಿತು. ಅದು ಬಹಳ ದುಬಾರಿ ಲಸಿಕೆ. 2020ರಲ್ಲಿ ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ಕಡಿಮೆ ಬೆಲೆಯ ಲಸಿಕೆಯನ್ನು ಇಲ್ಲಿಯೇ ತಯಾರಿಸಿ ತಂದಿತು. 2021ರಲ್ಲಿ ಅದು ದೇಶದಾದ್ಯಂತ ವಿಸ್ತರಣೆಯಾಗಿ ನಮ್ಮ ಊರುಗಳ ಅಂಗನವಾಡಿಗಳಿಗೂ ಬಂತು.