ಕಿತ್ತೂರಿನ ಸೆರೆಯಾಳು ಮತ್ತು ವಲಸೆ ಹಕ್ಕಿಗಳು

ಪಕ್ಷಿವೀಕ್ಷಣೆ ಎಂದೊಡನೆ ನಮ್ಮ ವಿದ್ಯಾರ್ಥಿಗಳಿಗೆ ನೆನಪಾಗುವುದು ರಂಗನತಿಟ್ಟು, ಗುಡವಿ, ಕೊಕ್ಕರೆ ಬೆಳ್ಳೂರು. ಆದರೆ ವಲಸೆಯ ಕಾಲದಲ್ಲಿ ಗುಡ್ಡದ ನೆತ್ತಿಯೂ ಹಕ್ಕಿ ನೋಡಲು ಒಳ್ಳೆಯ ಜಾಗವೆಂಬುದು ಬಹಳ ಮಂದಿಗೆ ತಿಳಿದಿಲ್ಲ. ಬೆಳಗಾವಿ ಜಿಲ್ಲೆಯ ಸವದತ್ತಿ, ರಾಮದುರ್ಗ ತಾಲ್ಲೂಕುಗಳಲ್ಲಿ ಮರಳುಗಲ್ಲಿನ ಗುಡ್ಡಸಾಲುಗಳು ಹಬ್ಬಿವೆ. ನವಿಲುತೀರ್ಥದಲ್ಲಿ ಮಲಪ್ರಭಾ ನದಿ ಇಂಥ ಗುಡ್ಡವನ್ನು ಸೀಳಿಕೊಂಡು ಹರಿಯುತ್ತದೆ. ಅಲ್ಲಿ ಕಟ್ಟಿದ ಅಣೆಕಟ್ಟು 1972ರಲ್ಲಿ ಪೂರ್ಣಗೊಂಡಿತು. ಮೇಲೆ ಕಲ್ಲುಗುಡ್ಡ, ಒಂದು ಮಗ್ಗುಲಲ್ಲಿ ರೇಣುಕಾಸಾಗರದ ನೀರು, ಸುತ್ತ ಜೋಳ, ಹತ್ತಿ ಬೆಳೆಯುವ ಎರೆಭೂಮಿ. ಮೂರು ಬಗೆಯ ನೆಲೆ, ಮೂರು ಬಗೆಯ ಹಕ್ಕಿಗಳು.

ಗುಡ್ಡವೇ ಏಕೆ? ಬೀಸುವ ಗಾಳಿ ಇಳಿಜಾರಿಗೆ ಬಡಿದಾಗ ಮೇಲಕ್ಕೇರುತ್ತದೆ. ಬಿಸಿಲೇರಿದಂತೆ ಕಾದ ನೆಲದಿಂದಲೂ ಬೆಚ್ಚನೆಯ ಗಾಳಿ ಮೇಲೇಳುತ್ತದೆ. ಹದ್ದು, ಗಿಡುಗಗಳಂಥ ಅಗಲ ರೆಕ್ಕೆಯ ಹಕ್ಕಿಗಳು ಈ ಗಾಳಿಯನ್ನೇ ಏಣಿಯಾಗಿ ಬಳಸಿ, ರೆಕ್ಕೆ ಬಡಿಯದೆ ತೇಲುತ್ತ ಶಕ್ತಿಯನ್ನು ಉಳಿಸಿಕೊಳ್ಳುತ್ತವೆ. ಸಾವಿರಾರು ಕಿಲೋಮೀಟರ್ ದೂರದ ಪಯಣಕ್ಕೆ ಈ ಉಳಿತಾಯ ಅತ್ಯಗತ್ಯ.

ಇಲ್ಲಿಯ ಹಕ್ಕಿಗಳ ಲಿಖಿತ ಚರಿತ್ರೆಗೂ ಕಿತ್ತೂರಿಗೂ ಒಂದು ವಿಚಿತ್ರ ನಂಟಿದೆ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ನಡೆದ ಕಾಳಗದಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತ ಸಂಗತಿ ನೀವು ಓದಿದ್ದೀರಿ. ಅಂದು ರಾಣಿ ಚೆನ್ನಮ್ಮನ ಕಡೆಯವರು ಅವನ ಇಬ್ಬರು ಸಹಾಯಕರನ್ನು ಸೆರೆಹಿಡಿದರು. ಅವರಲ್ಲಿ ಒಬ್ಬ ವಾಲ್ಟರ್ ಎಲಿಯಟ್, 21 ವರ್ಷದ ತರುಣ. ಸುಮಾರು ಆರು ವಾರಗಳ ನಂತರ, ಡಿಸೆಂಬರ್ ಆರಂಭದಲ್ಲಿ, ಇಬ್ಬರನ್ನೂ ಜೀವಸಹಿತ ಬಿಡುಗಡೆ ಮಾಡಲಾಯಿತು. ಕೆಲವೇ ದಿನಗಳಲ್ಲಿ ಕೋಟೆ ಇಂಗ್ಲಿಷರ ವಶವಾಯಿತು. ಬೈಲಹೊಂಗಲದ ಸೆರೆಯಲ್ಲಿದ್ದ ಚೆನ್ನಮ್ಮ 1829ರಲ್ಲಿ ಅಲ್ಲಿಯೇ ತೀರಿಕೊಂಡಳು. ಬಿಟ್ಟ ಸೆರೆಯಾಳು ಬದುಕಿದ, ಸೆರೆಯಾದ ರಾಣಿ ಬದುಕಲಿಲ್ಲ. ಇತಿಹಾಸದ ಈ ಮಾತನ್ನು ಮರೆಯದೆಯೇ ಮುಂದಿನದನ್ನು ಓದಬೇಕು.

ಎಲಿಯಟ್ 1833ರವರೆಗೆ ಈ ಸೀಮೆಯಲ್ಲಿಯೇ ಇದ್ದ. ಶಾಸನಗಳನ್ನು ಪ್ರತಿಮಾಡಿಸಿದ, ಪ್ರಾಣಿಪಕ್ಷಿಗಳನ್ನು ಸಂಗ್ರಹಿಸಿದ. ಈ ಪ್ರದೇಶದ ಸಸ್ತನಿಗಳನ್ನು ಕುರಿತ ಅವನ ಪಟ್ಟಿ 1839ರಲ್ಲಿ ಮದರಾಸಿನ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಅದರಲ್ಲಿ ಪ್ರಾಣಿಗಳ ಕನ್ನಡ ಹೆಸರುಗಳೂ ಇದ್ದವು. ಧಾರವಾಡ ಸೀಮೆಯ ಒಂದು ಇಲಿಗೆ ಇಲ್ಲಿಯ ಜನ ಹೇಳುತ್ತಿದ್ದ ‘ಗುಲಂಡಿ’ ಎಂಬ ಹೆಸರು ಇಂದಿಗೂ ‘ಗೊಲುಂಡ ಎಲಿಯೊಟಿ’ ಎಂಬ ವೈಜ್ಞಾನಿಕ ನಾಮದಲ್ಲಿ ಉಳಿದಿದೆ. ಅಂದರೆ ಪಟ್ಟಿ ಎಲಿಯಟ್ಟನದಾದರೂ ತಿಳಿವಳಿಕೆಯಲ್ಲಿ ಇಲ್ಲಿಯ ಜನರ ಪಾಲಿತ್ತು. ಹಕ್ಕಿಗಳ ಬಗ್ಗೆ ಅವನು ಮಾಡಿಕೊಂಡಿದ್ದ ಟಿಪ್ಪಣಿಗಳನ್ನು ಟಿ.ಸಿ. ಜರ್ಡನ್ ತನ್ನ ದಕ್ಷಿಣ ಭಾರತದ ಪಕ್ಷಿಪಟ್ಟಿಗೆ ಬಳಸಿಕೊಂಡ. ಮುಂದೆ 1881ರಲ್ಲಿ ಸೇನಾಧಿಕಾರಿ ಇ.ಎ. ಬಟ್ಲರ್ ದಖನ್ ಮತ್ತು ದಕ್ಷಿಣ ಮರಾಠಾ ಸೀಮೆಯ ಹಕ್ಕಿಗಳ ವಿಸ್ತಾರವಾದ ಪಟ್ಟಿಯನ್ನು ಪ್ರಕಟಿಸಿದ.

ಆ ಕಾಲದಲ್ಲಿ ಹಕ್ಕಿಗಳು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತವೆ ಎಂಬುದಕ್ಕೆ ಪುರಾವೆ ಬಹಳ ಕಡಿಮೆಯಿತ್ತು. ಡೆನ್ಮಾರ್ಕಿನ ಮಾರ್ಟೆನ್ಸನ್ 1899ರಲ್ಲಿ ಹಕ್ಕಿಗಳ ಕಾಲಿಗೆ ಅಂಕಿಯಿರುವ ಅಲ್ಯುಮಿನಿಯಂ ಉಂಗುರ ತೊಡಿಸತೊಡಗಿದ. ಭಾರತದಲ್ಲಿ ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿ, ಸಲೀಂ ಅಲಿಯವರ ಮುಂದಾಳತ್ವದಲ್ಲಿ, 1959ರಿಂದ ಈ ಕೆಲಸವನ್ನು ದೊಡ್ಡ ಪ್ರಮಾಣದಲ್ಲಿ ನಡೆಸಿತು.

ಬರಿಯ ಎಣಿಕೆಗೆ ಎಷ್ಟು ಬೆಲೆಯಿದೆ ಎಂಬುದಕ್ಕೆ ಅಮೆರಿಕದ ಒಂದು ಗುಡ್ಡ ಸಾಕ್ಷಿ. ಪೆನ್ಸಿಲ್ವೇನಿಯಾದ ಹಾಕ್ ಮೌಂಟನ್ ನೆತ್ತಿಯಲ್ಲಿ ಜನ ಸಾಲುಗಟ್ಟಿ ನಿಂತು ವಲಸೆ ಗಿಡುಗಗಳನ್ನು ಗುಂಡಿಟ್ಟು ಕೆಡಹುತ್ತಿದ್ದರು. 1934ರಲ್ಲಿ ರೊಸಾಲಿ ಎಡ್ಜ್ ಎಂಬ ಮಹಿಳೆ ಆ ಗುಡ್ಡವನ್ನು ಗುತ್ತಿಗೆಗೆ ಪಡೆದು ಬೇಟೆಯನ್ನು ನಿಲ್ಲಿಸಿದರು. ಅಂದಿನಿಂದ ಅಲ್ಲಿ ಹಕ್ಕಿಗಳ ಎಣಿಕೆ ಆರಂಭವಾಯಿತು. ಮರಿ ಹದ್ದುಗಳು ಕಡಿಮೆಯಾಗುತ್ತಿವೆ ಎಂಬ ಅಲ್ಲಿಯ ಅಂಕಿಗಳನ್ನು ರೇಚೆಲ್ ಕಾರ್ಸನ್ 1962ರಲ್ಲಿ, ಡಿಡಿಟಿಯಂಥ ಕೀಟನಾಶಕಗಳ ವಿರುದ್ಧ ಬರೆದ ತಮ್ಮ ಪುಸ್ತಕದಲ್ಲಿ ಬಳಸಿಕೊಂಡರು.

ನಮ್ಮ ಗುಡ್ಡಕ್ಕೆ ಮರಳೋಣ. ಚಳಿಗಾಲದಲ್ಲಿ ಮಧ್ಯ ಏಷ್ಯಾದ ಹುಲ್ಲುಬಯಲುಗಳಿಂದ ‘ಸೆಳೆವ’ ಎಂಬ ಗಿಡುಗಗಳು ದಖನ್ನಿನ ಬಯಲಿಗೆ ಬರುತ್ತವೆ. ಹೊಲದ ಮೇಲೆ ತಗ್ಗಿನಲ್ಲಿ ಹಾರುತ್ತ ಮಿಡತೆ, ಇಲಿಗಳನ್ನು ಹಿಡಿಯುತ್ತವೆ, ರಾತ್ರಿ ಹುಲ್ಲಿನ ನಡುವೆ ನೆಲದ ಮೇಲೆಯೇ ಗುಂಪಾಗಿ ತಂಗುತ್ತವೆ. ಜೋಳದ ತೆನೆಗೆ ಮುತ್ತುವ ಗುಲಾಬಿ ಕಬ್ಬಕ್ಕಿಯೂ ವಲಸಿಗನೇ. ಹುಲ್ಲು ಹೋದರೆ ಸೆಳೆವಗಳಿಗೆ ತಂಗಲು ತಾವಿಲ್ಲ. ಎರಿಭೂತದ ಕಥೆ ನಮಗೆ ಎಚ್ಚರಿಕೆಯಾಗಬೇಕು. ಒಂದು ಕಾಲಕ್ಕೆ ದಖನ್ನಿನ ಬಯಲಿನ ಹಕ್ಕಿಯಾಗಿದ್ದ ಇದು, ಕರ್ನಾಟಕದಲ್ಲಿ ಇಂದು ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಸುತ್ತ ಬೆರಳೆಣಿಕೆಯಷ್ಟು ಮಾತ್ರ ಉಳಿದಿದೆ. ಎಷ್ಟು ಕಳೆದುಕೊಂಡಿದ್ದೇವೆ ಎಂದು ಅಳೆಯಲು ನಮಗೆ ಹಳೆಯ ಪಟ್ಟಿಗಳೇ ಆಧಾರ. ಗದಗಿನ ಕಪ್ಪತಗುಡ್ಡ 2019ರಲ್ಲಿ ವನ್ಯಜೀವಿಧಾಮವಾದದ್ದು ಗುಡ್ಡ, ಹುಲ್ಲುಗಳಿಗೂ ಬೆಲೆಯಿದೆ ಎಂಬುದಕ್ಕೆ ಒಳ್ಳೆಯ ನಿದರ್ಶನ.

ಅಕ್ಟೋಬರಿನಿಂದ ಮಾರ್ಚಿಯವರೆಗೆ ಬಿಡುವಿನ ದಿನ ಗೆಳೆಯರೊಡನೆ ಹತ್ತಿರದ ಗುಡ್ಡ ಏರಿ. ನೀರುಹಕ್ಕಿಗಳಿಗೆ ನಸುಕು ಒಳ್ಳೆಯದು, ಗಿಡುಗಗಳಿಗೆ ಬಿಸಿಲೇರುವ ಹೊತ್ತು. ದುರ್ಬೀನು ಇಲ್ಲದಿದ್ದರೂ ನೋಟ್‌ಬುಕ್ ಇರಲಿ. ದಿನಾಂಕ, ಹೊತ್ತು, ಸ್ಥಳ, ಗಾಳಿಯ ದಿಕ್ಕು, ಹಕ್ಕಿಯ ಗುರುತು, ಎಷ್ಟು ಕಂಡವು ಎಂಬಿಷ್ಟನ್ನು ಬರೆಯಿರಿ. ಹೆಸರು ತಿಳಿಯದಿದ್ದರೆ ಹೊಲದಲ್ಲಿರುವ ಹಿರಿಯರನ್ನು ಕೇಳಿ, ಅವರು ಹೇಳುವ ಹೆಸರನ್ನೇ ಬರೆದುಕೊಳ್ಳಿ. ಏನೂ ಕಾಣದ ದಿನ ‘ಏನೂ ಇಲ್ಲ’ ಎಂದು ಬರೆಯುವುದನ್ನು ಮರೆಯಬೇಡಿ, ಅದೂ ದಾಖಲೆಯೇ. ಎಲಿಯಟ್ಟನ ಕಾಲದಲ್ಲಿ ಈ ನಾಡಿನ ಪಟ್ಟಿಯನ್ನು ಹೊರಗಿನವರು ಬರೆದರು. ಈಗ ಬರೆಯುವ ಸರದಿ ನಿಮ್ಮದು.