ಮನೆಯ ಮೀಡಿಯಾ ಸರ್ವರ್ ಮತ್ತು ಗೇಮ್ ಕನ್ಸೋಲ್
ಸ್ವಂತ ಡಿವಿಡಿ, ಬ್ಲೂ-ರೇಗಳಿಂದ ಕಂಪ್ಯೂಟರಿಗೆ ಇಳಿಸಿಕೊಂಡ ಸಿನಿಮಾಗಳನ್ನು ಮನೆಯೊಳಗಿನ ನೆಟ್‌ವರ್ಕ್ ಮೂಲಕ ಟಿವಿಗೆ ಜೋಡಿಸಿದ ಗೇಮ್ ಕನ್ಸೋಲ್‌ಗೆ ಕಳಿಸಿ ನೋಡುವ ಏರ್ಪಾಡು. ಇದಕ್ಕೆ ಇಂಟರ್ನೆಟ್ ಬೇಕಿಲ್ಲ. ರೌಟರ್ ಇದ್ದರೆ ಸಾಕು. ಆಳಂದ ತಾಲ್ಲೂಕಿನ ಭೂಸನೂರದಂಥ ಹಳ್ಳಿಯಲ್ಲಿ ಇಂಟರ್ನೆಟ್ ಕೈಕೊಟ್ಟಾಗಲೂ ನಡೆಯುವುದೇ ಇದರ ದೊಡ್ಡ ಗುಣ.

ಬೇರೆ ಬೇರೆ ಕಂಪನಿಗಳ ಉಪಕರಣಗಳು ಪರಸ್ಪರ ಮಾತಾಡಲೆಂದು 2003ರಲ್ಲಿ ಹುಟ್ಟಿದ ಒಕ್ಕೂಟವೇ ಮುಂದೆ ಡಿಎಲ್‌ಎನ್‌ಎ ಆಯಿತು. 2006ರಲ್ಲಿ ಬಂದ ಪ್ಲೇಸ್ಟೇಷನ್ 3ಕ್ಕೆ ಮರುವರ್ಷ ಡಿಎಲ್‌ಎನ್‌ಎ ಸೌಲಭ್ಯ ಸಿಕ್ಕಿತು. ಆದರೆ ಅದು ಎಂಕೆವಿ ಮಾದರಿಯ ವಿಡಿಯೊ ಕಡತಗಳನ್ನು ಓದುತ್ತಿರಲಿಲ್ಲ. ಹಾಗಾಗಿ ಪಿಎಸ್3 ಮೀಡಿಯಾ ಸರ್ವರ್‌ನಂಥ ತಂತ್ರಾಂಶಗಳು ಚಿತ್ರ ಓಡುತ್ತಿರುವಾಗಲೇ ಅದನ್ನು ಕನ್ಸೋಲ್‌ಗೆ ಒಗ್ಗುವ ರೂಪಕ್ಕೆ ಬದಲಿಸಿ, ಅಡಿಬರಹವನ್ನೂ ಚಿತ್ರದೊಳಗೇ ಸೇರಿಸಿ ಕಳಿಸುತ್ತಿದ್ದವು. ಈ ಕೆಲಸಕ್ಕೆ ಬಲವಾದ ಪ್ರೊಸೆಸರ್ ಬೇಕು. ಹಳೆಯ ಕಂಪ್ಯೂಟರಿನಲ್ಲಿ ಫ್ಯಾನ್ ಜೋರಾಗಿ ತಿರುಗತೊಡಗಿ, ಹಾಡಿನ ನಡುವೆ ನಾಯಕಿಯ ಕೈ ಗಾಳಿಯಲ್ಲೇ ನಿಂತುಬಿಡುತ್ತದೆ. 2013ರ ಪ್ಲೇಸ್ಟೇಷನ್ 4 ಈ ಸೌಲಭ್ಯವಿಲ್ಲದೆ ಬಂತು. 2015ರಲ್ಲಿ ಬಂದ ಮೀಡಿಯಾ ಪ್ಲೇಯರ್ ಆ್ಯಪ್ ಆ ಕೊರತೆ ನೀಗಿಸಿತು.

ಡಿವಿಡಿಯ ಚಿತ್ರಕ್ಕೆ ಸೆಕೆಂಡಿಗೆ ಗರಿಷ್ಠ 9.8 ಮೆಗಾಬಿಟ್, ಬ್ಲೂ-ರೇಗೆ 40 ಮೆಗಾಬಿಟ್ ದತ್ತಾಂಶ ನೆಟ್‌ವರ್ಕ್‌ನಲ್ಲಿ ಹರಿಯಬೇಕು. ದಪ್ಪ ಕಲ್ಲುಗೋಡೆ ದಾಟುವಾಗ ವೈಫೈ ಸೊರಗುತ್ತದೆ, ಆದ್ದರಿಂದ ಕೇಬಲ್ ಎಳೆಯುವುದೇ ಮೇಲು.

ಡಿಸ್ಕಿನಿಂದ ಸಿನಿಮಾ ಇಳಿಸಿಕೊಳ್ಳುವಾಗ ಕಾನೂನಿನ ಕಡೆಗೂ ಗಮನ ಬೇಕು. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿದ 65ಎ ಕಲಮು, ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ನಕಲು ತಡೆಯಲು ಡಿಸ್ಕಿಗೆ ಹಾಕಿದ ರಕ್ಷಣಾಬೀಗ ಮುರಿಯುವುದನ್ನು ಅಪರಾಧವೆನ್ನುತ್ತದೆ. ಗೀರುಬಿದ್ದು ಹಾಳಾಗುತ್ತಿರುವ ಹಳೆಯ ಕನ್ನಡ ಚಿತ್ರಗಳ ಡಿಸ್ಕುಗಳನ್ನು ಉಳಿಸಿಕೊಳ್ಳಲು ಹೊರಟವರು ಇದನ್ನು ತಿಳಿದಿರಬೇಕು.